ಗಾರ್ಡನ್ ನಡುವಿನ ಹನ್ನೆರಡು ಖೋಲಿ ಮನೆ

ಬೀದರಿನ ದೊಡ್ಡ ಗಾರ್ಡನ್ ನಡುವೆ ಹಳೇ ಜಮೀನ್ದಾರರ ಹನ್ನೆರಡು ಕೋಣೆಯ ಮನೆಯೊಂದಿದೆ. ಈಗ ಅದು ಸರಕಾರದ್ದು, ಬಂದವರಿಗೆ ತೋರಿಸುವ ಕೆಲಸ ನನ್ನದು. ಇವತ್ತಾದರೂ ಗಂಭೀರವಾಗಿರಬೇಕು ಅಂತ ದಿನಾ ಬಾಗಿಲು ತೆಗೆಯುತ್ತೇನೆ. ಬಂದವರು ಬಿಡಬೇಕಲ್ಲ.

ಕಾಯಿ

ಔರಾದ್ ಕಡೆಯ ಕುರಿ ಸಾಕುವ ಗಂಡಹೆಂಡತಿ ಬಂದರು. ಪಡಸಾಲೆಯಲ್ಲಿ ಜಮೀನ್ದಾರರ ಆಳೆತ್ತರದ ಪಟ, ಅದಕ್ಕೊಂದು ಹಾರ. ನಾನು ಬಾಯಿ ತೆರೆಯುವಷ್ಟರಲ್ಲಿ ಆ ತಾಯಿ ತೆಂಗಿನಕಾಯಿ ಇಟ್ಟು, ಕಣ್ಣು ಮುಚ್ಚಿ, ಏನೋ ಬೇಡಿಕೊಂಡೂ ಆಗಿತ್ತು.

"ಅಕ್ಕಾರೆ, ಇವರು ದೇವರಲ್ರಿ. ಈ ಮನಿ ಮಾಲಕರು."

ಆಕೆ ಕಾಯಿ ಎತ್ತಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಚಿಂತೆಯಿಂದ ಕೇಳಿದಳು:

"ಕಾಯಿ ತಗೊಂಡೆ. ಬೇಡ್ಕೊಂಡಿದ್ದು ಹ್ಯಾಂಗ ವಾಪಸ್ ತಗೋಬೇಕ್ರಿ?"

ಬೀಸುವ ಕಲ್ಲು

ಅಡುಗೆಮನೆಯಲ್ಲಿ ಬೀಸುವ ಕಲ್ಲಿದೆ, ಸುತ್ತ ಹಗ್ಗ, 'ಮುಟ್ಟಬಾರದು' ಎಂಬ ಬೋರ್ಡು. ಒಬ್ಬ ಅಜ್ಜಿ ಬೋರ್ಡನ್ನು ಜೋರಾಗಿ ಓದಿ, ಹಗ್ಗ ದಾಟಿ ಒಳಗೇ ಹೋದರು.

"ಆಯಿ, ಮುಟ್ಟಬಾರದ್ರಿ."

"ಯಾರೂ ಮುಟ್ಟಲಾರದಕ್ಕೇ ಹೀಂಗಾಗ್ಯಾದ. ಕೆಳಗಿನ ಕಲ್ಲು ಮ್ಯಾಲ ಇಟ್ಟೀರಿ. ಇದರಾಗ ಹಿಟ್ಟು ಬೀಸ್ತಿದ್ರಂತ ಯಾರು ಹೇಳ್ಯಾರವ್ವ?"

"ನಾನೇ ಹೇಳ್ತೇನ್ರಿ, ದಿನಾ."

"ಹಂಗಾದ್ರ ಪಾಪ, ಮನಿಮಂದೆಲ್ಲ ಉಪಾಸ ಇದ್ದಿರಬೇಕು."

ತಪಾಸಣೆ

ಜನ ಬರುತ್ತಿಲ್ಲ, ಮನೆಗೆ ಬೀಗ ಹಾಕೋಣ ಎಂಬ ಮಾತು ಆಫೀಸಿನಲ್ಲಿ ನಡೆದಿತ್ತು. ಅದನ್ನು ನೋಡಿ ತೀರ್ಮಾನಿಸಲು ಮೇಲಿನವರು ಬರುವ ದಿನ. ಬೀಗ ಬಿದ್ದರೆ ನನ್ನ ಕೆಲಸವೂ ಹೋದಂತೆ. ಬೆಳಿಗ್ಗೆಯಿಂದ ಒರೆಸಿ, ಚಹಾ ಇಟ್ಟುಕೊಂಡು ಕಾದಿದ್ದೆ. ಇಸ್ತ್ರಿ ಬಟ್ಟೆಯ ನಾಲ್ವರು ಬಂದರು: ಇಬ್ಬರು ಹಿರಿಯರು, ಒಬ್ಬ ಹೆಣ್ಣುಮಗಳು, ಒಬ್ಬ ಮಾತೇ ಆಡದ ತರುಣ. ಇವರೇ ಅಂದುಕೊಂಡು ಕೂರಿಸಿ ಚಹಾ ಕೊಟ್ಟೆ.

"ಎಷ್ಟು ಖೋಲಿ ಅವ್ರಿ?" ಹಿರಿಯರೊಬ್ಬರು ಕೇಳಿದರು.

"ಹನ್ನೆರಡ್ರಿ."

ನಾಲ್ವರೂ ಮುಖ ಮುಖ ನೋಡಿಕೊಂಡರು. "ಯಾರ ಹೆಸರ ಮ್ಯಾಲ ಅದ?"

"ಸರಕಾರದ ಹೆಸರ ಮ್ಯಾಲರಿ."

"ಕೋರ್ಟಿನ್ಯಾಗ ಏನರ ಅದ ಏನ್ರಿ?"

"ಇಲ್ರಿ. ಮನಿಯವರೇ ಖುಷೀಲಿ ಕೊಟ್ಟಾರ."

ಹಿರಿಯರು ಚಹಾ ಕೆಳಗಿಟ್ಟರು. "ಹುಡುಗಿನ ಕರೀರಿ. ಮೊದಲ ಆಕಿನ್ನ ನೋಡ್ತೇವಿ."

ಯಾವ ಹುಡುಗಿ ಅಂತ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಹಿಂದಿನ ಗೇಟಿನಿಂದ ಸೀರೆಯುಟ್ಟ ಹುಡುಗಿಯೊಬ್ಬಳು ಏದುಸಿರು ಬಿಡುತ್ತ ಬಂದಳು. "ಭಾಲ್ಕಿಯಿಂದ ಹೆಣ್ಣು ನೋಡಲಿಕ್ಕ ಬಂದೋರು ನೀವೇ ಏನ್ರಿ? ಗಾರ್ಡನ್ ಹತ್ತಿರ ಹಳೇ ಮನಿ ಅಂತ ಅಪ್ಪ ಫೋನಿನ್ಯಾಗ ಹೇಳಿದ್ದು ಇದಲ್ರಿ. ನಮ್ಮದು ಹಿಂದಿನ ಗಲ್ಲ್ಯಾಗ, ಎರಡ ಖೋಲಿ."

ಆಗ ಆ ತರುಣ ಮೊದಲ ಸಲ ಬಾಯಿ ತೆರೆದ. "ಇಲ್ಲಿ ಹನ್ನೆರಡು ಖೋಲಿ ಅವ, ಹುಡುಗಿ ಇಲ್ಲ. ಅಲ್ಲಿ ಹುಡುಗಿ ಅದಾಳ. ನಡೀರಿ ಕಾಕಾ." ಹುಡುಗಿ ನಗು ತಡೆದುಕೊಂಡು ಮುಂದೆ ನಡೆದಳು.

ಸಂಜೆ ನಮ್ಮ ಗೇಟಿನ ಮುಂದೆ ನಿಲ್ಲಿಸಿದ್ದ ಗಾಡಿ ತೆಗೆಯಲು ಆ ನಾಲ್ವರು ಬಂದಾಗ ಎಲ್ಲರ ಮುಖವೂ ಅರಳಿತ್ತು. ನಿಯಮದ ಪ್ರಕಾರ, ಖೋಲಿ ಎಷ್ಟು ಅಂತ ಕೇಳಿದ್ದ ಕಾಕಾನಿಂದ ರಿಜಿಸ್ಟರಿನಲ್ಲಿ ಅಭಿಪ್ರಾಯ ಬರೆಸಿಕೊಂಡೆ.

ತಪಾಸಣೆಯ ಸಾಹೇಬರು ಬಂದದ್ದು ಮರುದಿನ. ರಿಜಿಸ್ಟರ್ ತಿರುವುತ್ತ ಒಂದು ಪುಟದಲ್ಲಿ ನಿಂತು, ಬಹಳ ಹೊತ್ತು ನಕ್ಕು, "ಇಂಥಾ ಮಂದಿ ಬರ್ತಿರೋತನಕ ಬೀಗ ಬ್ಯಾಡ ಬಿಡವ್ವ" ಅಂದರು. ನಾನೂ ಬಗ್ಗಿ ಓದಿದೆ. ಕಾಕಾ ದಪ್ಪಕ್ಷರದಲ್ಲಿ ಬರೆದಿದ್ದರು:

"ಹುಡುಗಿ ಪಸಂದ್. ಮನಿ ಬ್ಯಾಡ, ಸರಕಾರನೇ ಇಟ್ಕೊಳ್ಳಲಿ."