ಹದಿನೈದನೆಯ ಅರ್ಜಿ

ಎರಡೇ ನಿಮಿಷ ತಡವಾಗಿ ಬಂದ ಅನಿಲಕುಮಾರನನ್ನು ಕ್ಲಾಸಿನ ಹೊರಗೆ ನಿಲ್ಲಿಸಿದ್ದೇ ಬೀರೇಶ ಮಾಡಿದ ತಪ್ಪು. "ವಿಮಾನ ಯಾರಿಗೂ ಕಾಯೂದಿಲ್ಲಪಾ," ಎಂದು ಬೇರೆ ಹೇಳಿದ್ದ. ಅನಿಲಕುಮಾರನೂ ಕಾಯಲಿಲ್ಲ. ನೆಟ್ಟಗೆ ಗ್ರಾನೈಟ್ ಕಾರ್ಖಾನೆಗೆ ಹೋಗಿ ಕೆಲಸಕ್ಕೆ ಸೇರಿಕೊಂಡ.

ಇಳಕಲ್ಲಿನ ಆ ಕಾಲೇಜಿನಲ್ಲಿ 'ವಿಮಾನಯಾನ ಪರಿಚಯ ಮತ್ತು ಉದ್ಯೋಗಾವಕಾಶ' ಎಂಬ ಸರ್ಟಿಫಿಕೇಟ್ ಕೋರ್ಸು ಈ ವರ್ಷ ಹೊಸದು. ಹದಿನೈದು ಮಂದಿ ಇದ್ದರೆ ಕೋರ್ಸು, ಕೋರ್ಸಿದ್ದರೆ ಬೀರೇಶ. ಅತಿಥಿ ಉಪನ್ಯಾಸಕನ ಹಣೆಬರಹವೇ ಅಷ್ಟು. ಈಗ ಉಳಿದವರು ಹದಿನಾಲ್ಕು.

"ಸಂಜಿ ಐದರೊಳಗ ಇನ್ನೊಂದು ಅರ್ಜಿ ತರ್ರಿ. ಇಲ್ಲಾಂದ್ರ ನಾಳಿಂದ ನೀವೂ ಬರಬ್ಯಾಡ್ರಿ," ಎಂದರು ಪ್ರಿನ್ಸಿಪಾಲ್ ಸುನಂದಾ ಮೇಡಂ. "ಯಾರಾದ್ರೂ ನಡೀತದ. ವಯಸ್ಸಿನ ಮಿತಿ ಇಲ್ಲ."

ಬರುವ ರವಿವಾರ ಹುನಗುಂದದಲ್ಲಿ ಬೀರೇಶನ ನಿಶ್ಚಯ. ಹೆಣ್ಣಿನವರು ಒಪ್ಪಿದ್ದೇ ಲೆಕ್ಚರರ್ ಎಂಬ ಒಂದು ಮಾತಿಗೆ. ಪಿಯುಸಿ ಮುಗಿಸಿ ಮನೆಯಲ್ಲಿದ್ದ ಸುರೇಖಾಳ ನೆನಪಾಗಿ ಅವರ ಓಣಿಗೆ ಬೈಕು ತಿರುಗಿಸಿದ. ಅವಳ ತಾಯಿ ರಂಗವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು.

"ಗಗನಸಖಿ ಅಷ್ಟ ಅಲ್ಲವ್ವಾ, ಟಿಕೆಟ್, ಲಗೇಜು, ಅಡಿಗಿ, ರಿಪೇರಿ, ಎಲ್ಲಾದರಾಗೂ ನೌಕರಿ ಅದಾವು. ನಮ್ಮ ಬಸ್ ಸ್ಟ್ಯಾಂಡಿನ್ಯಾಗ ಕಂಟ್ರೋಲರ್ ಕುಂತಿರ್ತಾನಲ್ಲ, ಅಲ್ಲೂ ಹಂಗ ಒಬ್ಬಾವ ಇರ್ತಾನ," ಎಂದ ಬೀರೇಶ.

"ಬಸ್ಸು ನಾನೂ ಹತ್ತೇನಿ. ವಿಮಾನದ್ದು ಹೇಳ್ರಿ ಸರ. ನೀವು ಎಷ್ಟು ಸಲ ಕುಂತೀರಿ?"

"ಇನ್ನಾ ಕುಂತಿಲ್ಲ."

"ಈಸು ಬರಲಾರದಂವ ಹೊಳಿ ದಾಟಸ್ತೇನಿ ಅಂದಂಗಾತು," ಎಂದು ರಂಗವ್ವ ಮೊರ ಎತ್ತಿಕೊಂಡಳು.

ಎದುರುಮನೆಯ ಮುರ್ತುಜಸಾಬರು ನಡುವೆ ಬಾಯಿ ಹಾಕಿದರು. "ಸರ ಹೇಳೂದು ಖರೆ ಐತಿ ರಂಗವ್ವ. ದುಬೈದಾಗ ಹನ್ನೆರಡು ವರ್ಷ ವಿಮಾನಕ್ಕ ಲಗೇಜು ತುಂಬೇನಿ ನಾ." ಅಷ್ಟು ಹೇಳಿ ಸುಮ್ಮನಾಗಲಿಲ್ಲ. ಭಾರದ ಪೆಟ್ಟಿಗೆ ಎಲ್ಲಿಡಬೇಕು, ವಿಮಾನಕ್ಕೆ ಕುದುರೆ ಹತ್ತಿಸಬೇಕಾದರೆ ಏನು ಮಾಡಬೇಕು, ಎಲ್ಲ ಹೇಳಿದರು. ಅರ್ಧ ಓಣಿ ನೆರೆಯಿತು. ರಂಗವ್ವ ಮಾತ್ರ ಬಗ್ಗಲಿಲ್ಲ. ಗಂಟೆ ನಾಲ್ಕೂವರೆಯಾಯಿತು.

ಬೀರೇಶ ಮುರ್ತುಜಸಾಬರ ಕೈಯನ್ನೇ ಹಿಡಿದುಕೊಂಡ. "ಚಾಚಾ, ನೀವ ಸೇರ್ರಿ. ನನ್ನ ನೌಕರಿ ನಿಮ್ಮ ಕೈಯಾಗೈತಿ."

"ಈ ವಯಸ್ಸಿನ್ಯಾಗ ನನಗ್ಯಾಕ ಸಾಲಿ, ಸರ?"

"ಬರೇ ಬಂದು ಕುಂತ್ರ ಸಾಕ್ರಿ."

ಐದಕ್ಕೆ ಹತ್ತು ನಿಮಿಷವಿರುವಾಗ ಇಬ್ಬರೂ ಕಾಲೇಜು ಮುಟ್ಟಿದರು. ಬೀರೇಶ ಅರ್ಜಿಯನ್ನು ಮೇಜಿನ ಮೇಲಿಟ್ಟ. ಮೇಡಂ ಅದನ್ನು ಓದಿ ಚಷ್ಮಾ ತೆಗೆದು, ದುಬೈದಲ್ಲಿ ಏನು ಕೆಲಸ ಮಾಡುತ್ತಿದ್ದಿರಿ ಎಂದು ಒಂದೇ ಪ್ರಶ್ನೆ ಕೇಳಿದರು. ಮುರ್ತುಜಸಾಬರು ಏಳು ನಿಮಿಷ ಉತ್ತರ ಹೇಳಿದರು.

"ಏನ್ರಿ ಬೀರೇಶ, ಇಂಥಾವ್ರನ್ನ ವಿದ್ಯಾರ್ಥಿ ಮಾಡ್ಲಿಕ್ಕೆ ಕರ್ಕೊಂಡು ಬಂದೀರಿ? ಚಾಚಾ, ನಾಳಿಂದ ಪಾಠ ನೀವ ಮಾಡ್ರಿ."

ಬೀರೇಶನಿಗೆ ಒಂದು ದಾರಿ ಹೊಳೆಯಿತು. "ಅವ್ರು ಮಾಸ್ತರ ಆದ್ರ ಹುಡುಗ್ರು ಮತ್ತ ಹದಿನಾಲ್ಕ ಆಗ್ತಾರಲ್ರಿ ಮೇಡಂ. ಕೋರ್ಸ ನಡಿಯೂದಿಲ್ಲ."

ಮೇಡಂ ಗಡಿಯಾರ ನೋಡಿದರು. ಐದಕ್ಕೆ ಎರಡು ನಿಮಿಷ. ಒಂದು ಖಾಲಿ ಅರ್ಜಿಯನ್ನು ಅವನತ್ತ ಸರಿಸಿದರು. "ತುಂಬ್ರಿ. ಸರ್ಟಿಫಿಕೇಟ್ ಕೈಗೆ ಬಂದ್ರ, ಮುಂದಿನ ವರ್ಷ ಪಾಠಕ್ಕ ನಿಮ್ಮ ಹೆಸರೂ ನೋಡೂಣು."

ಹುನಗುಂದದವರಿಗೆ ಕಾಲೇಜಿಗೆ ಹೋಗುತ್ತೇನೆ ಎಂದಾದರೂ ಹೇಳಬಹುದು. ಬೀರೇಶ ಅರ್ಜಿಯಲ್ಲಿ ತನ್ನ ಹೆಸರು ಬರೆದ.

ಮಧ್ಯಾಹ್ನದಿಂದ 'ಸರ' ಎನ್ನುತ್ತಿದ್ದ ಮುರ್ತುಜಸಾಬರು ಅವನ ಹೆಗಲ ಮೇಲೆ ಕೈಯಿಟ್ಟರು.

"ನಾಳಿ ವ್ಯಾಳ್ಯಾಕ್ಕ ಸರಿಯಾಗಿ ಬಾ ತಮ್ಮಾ. ವಿಮಾನ ಯಾರಿಗೂ ಕಾಯೂದಿಲ್ಲ."