ಕೆಂಚನ ಡ್ಯೂಟಿ

ನಾಯಿ ಜೊತೆ ಥೀಮ್ ಪಾರ್ಕಿಗೆ ಹೋಗುವ ಕುರುಡನಿಗೆ ನಗು ಬರಿಸುವ ಪ್ರಸಂಗಗಳನ್ನು ಹುಡುಕುವ ಕಷ್ಟವೇ ಇಲ್ಲ. ಅವು ಗೇಟಿನಲ್ಲೇ ಕಾದು ನಿಂತಿರುತ್ತವೆ.

ಮೂವತ್ತು ದಾಟುವಷ್ಟರಲ್ಲಿ ನನ್ನ ಕಣ್ಣು ಪೂರ್ತಿ ಹೋಯಿತು. ಅಮೆರಿಕದ ಡಾಲಸ್‌ನಲ್ಲಿ ಆಫೀಸಿಗೆ ಹೋಗಿಬರಲು ದಾರಿ ತೋರಿಸುವ ನಾಯಿ ಮನೆಗೆ ಬಂತು. ಕೆಂಪು ಬಣ್ಣದ ಲ್ಯಾಬ್ರಡಾರ್ ಎಂದು ಎಲ್ಲರೂ ಹೇಳಿದರು, ನಾನು ನಂಬಿದೆ. ತರಬೇತಿ ಶಾಲೆಯವರು ಅದಕ್ಕೊಂದು ಇಂಗ್ಲಿಷ್ ಹೆಸರು ಇಟ್ಟಿದ್ದರು. ನನ್ನ ಹೆಂಡತಿ ಮೊದಲ ದಿನವೇ ಕೆಂಚ ಎಂದು ಕರೆದಳು. ಹಿಡಿಯಿರುವ ಪಟ್ಟಿ, ಅಂದರೆ ಹಾರ್ನೆಸ್, ಮೈಮೇಲಿದ್ದರೆ ಇಂಗ್ಲಿಷ್ ಹೆಸರು, ಅಂದರೆ ಡ್ಯೂಟಿ. ಬಿಚ್ಚಿದರೆ ಕೆಂಚ. ಈ ವ್ಯತ್ಯಾಸ ನಮಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು.

ಈಗ ಅವನು ನಮ್ಮ ಮನೆಯಲ್ಲಿಲ್ಲ. ನನ್ನ ಎಡಗೈ ಇನ್ನೂ ಆ ಹಿಡಿಯನ್ನು ತಡಕಾಡುತ್ತದೆ. ಅದಕ್ಕೇ ನಗು ಬರುವಂಥದ್ದನ್ನೇ ನೆನಪು ಮಾಡಿಕೊಳ್ಳುತ್ತೇನೆ. ನಗುತ್ತಾ ಶುರು ಮಾಡಿದ್ದು ಎಲ್ಲಿಗೆ ಹೋಗಿ ಮುಗಿಯುತ್ತದೆ ಎನ್ನುವುದು ಬೇರೆ ವಿಷಯ.

೧. ಗೇಟಿನ ಪ್ರಶ್ನೆ

ಮೊದಲ ಸಲ ಹೋದದ್ದು ಡಾಲಸ್ ಪಕ್ಕದ ಪಾರ್ಕಿಗೆ. ಮಗಳಿಗೆ ಆಗ ನಾಲ್ಕು ವರ್ಷ. ಗೇಟಿನ ಹುಡುಗಿ ಕೇಳಿದಳು: "ಸರ್, ಈ ನಾಯಿ ನಿಮಗಾಗಿ ಯಾವ ಕೆಲಸ ಮಾಡುತ್ತೆ?"

ಕಪ್ಪು ಕನ್ನಡಕ, ಹಾರ್ನೆಸ್ ಎಲ್ಲ ಎದುರಿಗೇ ಇತ್ತು. ಆದರೂ ಕೇಳುವುದು ಅವಳ ಕೆಲಸ. ನಾನು ಶ್ರದ್ಧೆಯಿಂದ ಉತ್ತರ ಕೊಟ್ಟೆ. ಮೆಟ್ಟಿಲು ಬಂದರೆ ನಿಲ್ಲುತ್ತಾನೆ, ಗುಂಡಿ ತಪ್ಪಿಸುತ್ತಾನೆ, ಬಾಗಿಲು ಹುಡುಕುತ್ತಾನೆ, ಖಾಲಿ ಕುರ್ಚಿ ತೋರಿಸುತ್ತಾನೆ, ನಾನು ಹೋಗು ಎಂದರೂ ಕಾರು ಬರುತ್ತಿದ್ದರೆ ಹೋಗುವುದಿಲ್ಲ. ಹಿಂದೆ ಸಾಲು ಬೆಳೆಯಿತು. ಯಾರೋ ಕೆಂಚನ ತಲೆ ಸವರಲು ಬಂದಿರಬೇಕು, ಮಗಳು ನಾವು ಹೇಳಿಕೊಟ್ಟಿದ್ದನ್ನು ಗಟ್ಟಿಯಾಗಿ ಒಪ್ಪಿಸಿದಳು: "ಪ್ಲೀಸ್ ಡೋಂಟ್ ಟಚ್ ಹಿಮ್. ಹೀ ಈಸ್ ವರ್ಕಿಂಗ್."

ಒಳಗೆ ಹೋದ ಮೇಲೆ ಹೆಂಡತಿ ನನ್ನ ಕಿವಿಯಲ್ಲಿ ಹೇಳಿದಳು: "ನಿಮ್ಮ ಇಂಟರ್‌ವ್ಯೂನಲ್ಲಿ ನಿಮ್ಮ ಬಗ್ಗೆ ಇದರಲ್ಲಿ ಅರ್ಧ ಹೇಳಿದ್ರೂ ಸಾಕಿತ್ತು, ಯಾವತ್ತೋ ಪ್ರಮೋಷನ್ ಆಗ್ತಿತ್ತು."

೨. ದೆವ್ವದ ಮನೆ

ಹ್ಯೂಸ್ಟನ್‌ನ ಪಾರ್ಕಿಗೆ ಕನ್ನಡದವರೆಲ್ಲ ಸೇರಿ ಹೋಗಿದ್ದೆವು. ಅಲ್ಲೊಂದು ದೆವ್ವದ ಮನೆ. ಬಾಗಿಲಲ್ಲಿದ್ದವನು ನಾಯಿಯನ್ನು ಬಿಡಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ಒಳಕ್ಕೆ ಬಿಟ್ಟ. ಒಳಗೆ ಗವ್ವೆನ್ನುವ ಕತ್ತಲೆಯಂತೆ. ನನಗೇನು, ಅದು ದಿನವೂ ಇದ್ದದ್ದೇ.

ಎರಡು ತಿರುವು ದಾಟುವಷ್ಟರಲ್ಲಿ ಯಾರೋ ನನ್ನ ಷರ್ಟ್ ಹಿಡಿದುಕೊಂಡರು. ಅವರ ಷರ್ಟನ್ನು ಇನ್ನೊಬ್ಬರು. ಸಾಫ್ಟ್‌ವೇರ್‌ನವರು, ಪಿಎಚ್‌ಡಿ ಹುಡುಗರು, ಹಿರಿಯ ಅಂಕಲ್‌ಗಳು ಎಲ್ಲರೂ ರೈಲಿನ ಡಬ್ಬಿಗಳಾದರು. ಒಂದು ದೆವ್ವ ಊಳಿಡುತ್ತಾ ಎದುರಿಗೆ ಹಾರಿತು. ಹಿಂದೆ ಎಲ್ಲರೂ ಕಿರುಚಿದರು. ಕೆಂಚ ನಿಂತ. ದಾರಿಗೆ ಏನೋ ಅಡ್ಡ ಇದೆ ಎಂದು ಅದರ ಎಡಕ್ಕೆ ಸುತ್ತಿಸಿ ನನ್ನನ್ನು ಕರೆದೊಯ್ದ. ದೆವ್ವ "ಸಾರಿ ಸರ್" ಎಂದು ಗೋಡೆಗೆ ಸರಿಯಿತು.

ಹೊರಗೆ ಬಂದ ಮೇಲೂ ಧಾರವಾಡದ ಗೆಳೆಯರೊಬ್ಬರು ನನ್ನ ಷರ್ಟ್ ಬಿಟ್ಟಿರಲಿಲ್ಲ. "ನಿಮಗ ಒಂಚೂರೂ ಹೆದರಿಕಿ ಆಗಲಿಲ್ಲೇನ್ರಿ?"

"ಹೆದರೋಕೆ ಏನಾದ್ರೂ ಕಾಣಬೇಕಲ್ಲ ಸಾರ್."

ಎಲ್ಲರೂ ನಕ್ಕರು, ನಾನೂ ನಕ್ಕೆ. ಕಣ್ಣು ಹೋದ ಮೇಲೆ ಜನ ನನ್ನನ್ನು ನಂಬಿ ಹಿಂದೆ ಬಂದದ್ದು ಅವತ್ತೊಂದೇ ಸಲ. ಆ ಸಂತೋಷಕ್ಕೆ ಕಾರಿನಲ್ಲಿ ಅಳು ಬಂತು, ಯಾರಿಗೂ ಹೇಳಲಿಲ್ಲ. ಷರ್ಟಿನ ಹಿಂಭಾಗ ಹರಿದಿದೆ ಎಂದು ಹೆಂಡತಿ ಮನೆಗೆ ಬಂದ ಮೇಲೆ ಹೇಳಿದಳು.

೩. ಮುದ್ರೆ

ಹೊರಗಿನ ಊಟ ಪಾರ್ಕಿನೊಳಗೆ ತರುವಂತಿಲ್ಲ. ಆದರೆ ಪುಳಿಯೋಗರೆ, ಮೊಸರನ್ನ ಇಲ್ಲದೆ ನಮ್ಮವರು ಮನೆ ಬಿಡುವುದುಂಟೇ? ಡಬ್ಬಿಗಳು ಕಾರಿನ ಡಿಕ್ಕಿಯಲ್ಲಿರುತ್ತವೆ. ಮಧ್ಯಾಹ್ನ ಗೇಟಿನಲ್ಲಿ ಕೈಗೆ ಮುದ್ರೆ ಒತ್ತಿಸಿಕೊಂಡು ಪಾರ್ಕಿಂಗ್ ಲಾಟಿಗೆ ಬಂದು, ಡಿಕ್ಕಿ ತೆರೆದು ಊಟ ಮಾಡಿ, ಮುದ್ರೆ ತೋರಿಸಿ ವಾಪಸ್ ಹೋಗುವುದು.

ನನ್ನ ಎಡಗೈಯಲ್ಲಿ ಸದಾ ಹಾರ್ನೆಸ್ ಇರುತ್ತಿದ್ದರಿಂದ ಮುದ್ರೆಗೆ ಬಲಗೈ ಕೊಟ್ಟೆ. ಊಟ ಮಾಡಿದ್ದೂ ಅದೇ ಕೈಯಲ್ಲಿ. ಮೊಸರನ್ನ ಮುಗಿಸಿ ಬಾಟಲಿ ನೀರಿನಲ್ಲಿ ತಿಕ್ಕಿ ತೊಳೆದೆ. ಹಾರ್ನೆಸ್ ಬಿಚ್ಚಿದ್ದರಿಂದ ಕೆಂಚ ಆಗ ಬರೀ ಕೆಂಚ. ಕೈಯಲ್ಲಿ ಉಳಿದ ಮೊಸರಿನ ವಾಸನೆಯನ್ನು ಅವನು ನೆಕ್ಕಿ ಮುಗಿಸಿದ. ವಾಪಸ್ ಹೋದಾಗ ಗೇಟಿನವನು ನನ್ನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಸರ್, ಮುದ್ರೆ ಇಲ್ಲ."

"ಬೆಳಿಗ್ಗೆಯಿಂದ ಒಳಗೇ ಇದ್ದೆವಲ್ಲ, ನೆನಪಿಲ್ವಾ?"

"ನಿಮ್ಮ ನೆನಪಿಲ್ಲ," ಎಂದ ಅವನು. "ನಾಯಿಯ ನೆನಪಿದೆ. ಅದು ಒಳಗೆ ಹೋಗಬಹುದು. ಅದರ ಜೊತೆ ಬಂದಿರೋರು ಬೇಕಾದ್ರೆ ಬರಬಹುದು."

೪. ಕೊನೆಯ ಸಲ

ಏಳು ವರ್ಷ ಕಳೆಯಿತು. ಕೆಂಚನ ಹಿಂಗಾಲು ಸೋತಿತ್ತು. ಮನೆಯಲ್ಲಿ ಹಗಲೆಲ್ಲ ಯಾರೂ ಇರುವುದಿಲ್ಲ, ಅವನಿಗೆ ಒಬ್ಬನೇ ಏಳಲು ಆಗುವುದಿಲ್ಲ. ತರಬೇತಿ ಶಾಲೆಗೆ ಸೇರುವ ಮುಂಚೆ, ಮರಿಯಾಗಿದ್ದಾಗ ಅವನನ್ನು ಸಾಕಿದ್ದ ಆಸ್ಟಿನ್‌ನ ಅಜ್ಜಿಯೊಬ್ಬರು, ನನ್ನ ಹತ್ತಿರ ಕೊಡಿ, ದಿನವಿಡೀ ನಾನಿರುತ್ತೇನೆ ಎಂದರು. ಭಾನುವಾರ ಬಿಟ್ಟುಬರುವುದೆಂದಾಯಿತು. ಮಗಳು ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಆಮೇಲೆ ಬಂದು, ಶನಿವಾರ ಅವನನ್ನು ಪಾರ್ಕಿಗೆ ಕರೆದುಕೊಂಡು ಹೋಗೋಣ ಎಂದಳು.

ಅದೇ ಡಾಲಸ್ ಪಕ್ಕದ ಪಾರ್ಕು. ಮಧ್ಯಾಹ್ನದವರೆಗೆ ಕೆಂಚ ಹೇಗೋ ನಡೆದ. ಊಟಕ್ಕೆಂದು ಪಾರ್ಕಿಂಗ್ ಲಾಟಿಗೆ ಬಂದು ಕಾರಿನ ನೆರಳಲ್ಲಿ ಮಲಗಿದವನು ಮತ್ತೆ ಏಳಲಿಲ್ಲ. ಮನೆಗೆ ಹೋಗೋಣ ಎಂದೆ. ಮಗಳು ಒಪ್ಪಲಿಲ್ಲ. ಅಮ್ಮನನ್ನು ಎಳೆದುಕೊಂಡು ಓಡಿಹೋಗಿ ಒಂದು ಸ್ಟ್ರೋಲರ್ ಬಾಡಿಗೆಗೆ ತಂದಳು. ಅವಳಿ ಮಕ್ಕಳನ್ನು ಕೂರಿಸುವ ದೊಡ್ಡ ತಳ್ಳುಗಾಡಿ. ಮೂವರೂ ಸೇರಿ ಅವನನ್ನು ಎತ್ತಿ ಮಲಗಿಸಿದೆವು. ಅವನು ನನ್ನ ಕೈಯಲ್ಲಿದ್ದ ಹಾರ್ನೆಸ್‌ಗೆ ಮಲಗಿದ್ದಲ್ಲಿಂದಲೇ ಮೂತಿ ತೂರಿಸಲು ನೋಡಿದ. ಅವನ ಲೆಕ್ಕದಲ್ಲಿ ಡ್ಯೂಟಿ ಮುಗಿದಿರಲಿಲ್ಲ.

"ಸಾಕು ಕಣೋ ಕೆಂಚ," ಎಂದೆ. ಹಾರ್ನೆಸ್ಸನ್ನು ಸ್ಟ್ರೋಲರ್‌ಗೆ ನೇತುಹಾಕಿದೆ.

ನಾನು ತಳ್ಳಿದೆ, ಮಗಳು ಮುಂದೆ ಹಿಡಿದು ದಾರಿ ತೋರಿಸಿದಳು. ಫುಟ್‌ಪಾತಿನ ಅಂಚು ಬಂದಾಗ ಕೆಂಚ ಮಲಗಿದ್ದಲ್ಲೇ ಮೈ ಬಿಗಿದು ಹಿಂದಕ್ಕೆ ಒರಗುತ್ತಿದ್ದ. ಗಾಡಿಯ ಹಿಡಿಯಲ್ಲಿ ನನ್ನ ಕೈಗೆ ಅದು ಗೊತ್ತಾಗುತ್ತಿತ್ತು. ನಾನು ನಿಲ್ಲುತ್ತಿದ್ದೆ. ಗೇಟು ಸೇರುವಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿತ್ತು.

ಮಧ್ಯಾಹ್ನದ ಪಾಳಿಗೆ ಬಂದ ಹೊಸ ಹುಡುಗಿ ಗೇಟಿನಲ್ಲಿದ್ದಳು. ಅವಳೂ ಅದನ್ನೇ ಕೇಳಿದಳು: "ಸರ್, ಈ ನಾಯಿ ನಿಮಗಾಗಿ ಯಾವ ಕೆಲಸ ಮಾಡುತ್ತೆ?"

ಕೆಂಚ ಗೊರಕೆ ಹೊಡೆಯುತ್ತಿದ್ದ. ಎಷ್ಟೋ ಸಲ ಉದ್ದುದ್ದ ಉತ್ತರ ಕೊಟ್ಟಿದ್ದ ನಾನು ಅವತ್ತು ಕೈ ಚಾಚಿ ಅವನ ಕಿವಿ ಸವರಿದೆ. ಹೆಂಡತಿಯೇ ತನ್ನ ಇಂಗ್ಲಿಷಿನಲ್ಲಿ ಹೇಳಿದಳು: "ಏಳು ವರ್ಷ ಇವನು ಇವರನ್ನ ಕರ್ಕೊಂಡು ಓಡಾಡಿದ. ಇವತ್ತು ಇವರು ಇವನನ್ನ ಕರ್ಕೊಂಡು ಓಡಾಡ್ತಿದ್ದಾರೆ. ಶಿಫ್ಟ್ ಬದಲಾಗಿದೆ."

ಹುಡುಗಿ ಅಗಲವಾದ ಗೇಟನ್ನು ತೆರೆದ ಸದ್ದಾಯಿತು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಬಂದು, ದಾರಿ ತೋರಿಸಲೆಂದು ನನ್ನ ಮೊಣಕೈ ಹಿಡಿದಳು.

ಮುಂದಿನಿಂದ ಮಗಳ ದನಿ ಬಂತು. ಅಳುತ್ತಿದ್ದಳು, ಆದರೂ ಗಟ್ಟಿಯಾಗಿಯೇ ಹೇಳಿದಳು:

"ಪ್ಲೀಸ್ ಡೋಂಟ್ ಟಚ್ ಮೈ ಡ್ಯಾಡ್. ಹೀ ಈಸ್ ವರ್ಕಿಂಗ್."