ಪಟ್ಟದ ಗೊಂಬೆಗೊಂದು ಹೀಂಚ್ಕೊ

ಅಳತೆ ಬಲ್ಲವನಿಗೆ ಜಂಬ ಜಾಸ್ತಿ. ಸೂರತ್ತಿಗೆ ವರ್ಗವಾಗಿ ಬಂದ ಮೇಲೆ ವಿಮಾ ಕಚೇರಿಯ ಪರವಾಗಿ ಇಲ್ಲಿನ ಉಧ್ನಾ ಬಡಾವಣೆಯ ಮಗ್ಗದ ಶೆಡ್ಡುಗಳ ಉದ್ದಗಲ ಅಳೆಯುವುದೇ ನನ್ನ ಉದ್ಯೋಗ. ಟೇಪು ಹಿಡಿದರೆ ನನಗೆ ಸಮ ಯಾರೂ ಇಲ್ಲ ಎಂಬ ಭ್ರಮೆ ತಲೆಗೇರಿತ್ತು. ಅದನ್ನಿಳಿಸಲು ಒಂದಡಿ ಎತ್ತರದ ಮರದ ರಾಜನೊಬ್ಬ ಬೇಕಾಯಿತು.

ಈ ರಾಜ ನನ್ನ ಹೆಂಡತಿ ಸುಮತಿಯ ತವರಿನವನು. ನಮ್ಮ ಮದುವೆಯಲ್ಲಿ ರಾಣಿಯೊಡನೆ ಪಟ್ಟದ ಗೊಂಬೆಯಾಗಿ ಬಂದವನು, ವರ್ಷವಿಡೀ ಹಳೆಯ ಸೀರೆಯಲ್ಲಿ ಸುತ್ತಿಸಿಕೊಂಡು ಮಲಗಿದ್ದು ನವರಾತ್ರಿಗೆ ಎದ್ದು ಮೆಟ್ಟಿಲೇರುತ್ತಾನೆ. ಈ ಊರಿನ ಮನೆಮನೆಯಲ್ಲೂ ಹೀಂಚ್ಕೊ ಇದೆ, ಸರಪಳಿಗೆ ತೂಗಿಬಿಟ್ಟ ಹಲಗೆಯುಯ್ಯಾಲೆ. ನಮ್ಮ ಬಾಲ್ಕನಿಯಲ್ಲೂ ಒಂದಿದೆ. "ರಾಜಾ ರಾಣಿಗೂ ಒಂದು ಮಾಡಿಕೊಡಿ. ಎದುರುಮನೆ ಹಂಸಾಬೆನ್‌ಗೆ ಆಗಲೇ ಹೇಳಿಬಿಟ್ಟಿದೀನಿ. ಮೊದಲನೇ ಸಂಜೆ ಗರ್ಬಾಗೆ ಹೋಗೋ ಮುಂಚೆ ಎಲ್ಲರೂ ನೋಡೋಕೆ ಬರ್ತಾರೆ. ನನ್ನ ಮಾನ ಕಳೀಬೇಡಿ" ಎಂದಳು ಸುಮತಿ.

ಮೊಬೈಲಿನಲ್ಲಿ ಹುಡುಕಿದೆ. ಗೊಂಬೆಯ ಪೀಠೋಪಕರಣಕ್ಕೆ ಅಡಿಗೊಂದು ಅಂಗುಲದ ಲೆಕ್ಕವಂತೆ. ಬಾಲ್ಕನಿಯ ಐದಡಿ ಹಲಗೆಯನ್ನು ಐದಂಗುಲಕ್ಕಿಳಿಸಿ ಮಾಡಿದೆ. ರಾಜನ ಪಕ್ಕದಲ್ಲಿ ಅದು ಕಾಲುಮಣೆಯಾಗಿ ಕಂಡಿತು. ಆ ಲೆಕ್ಕಕ್ಕೆ ನಮ್ಮ ರಾಜ ಹನ್ನೆರಡಡಿಯ ರಾಕ್ಷಸನಾಗುತ್ತಾನೆಂದು ಆಮೇಲೆ ಹೊಳೆಯಿತು. ಕೂರುವವನನ್ನು ನೋಡಿ ತಾನೇ ಮಣೆ ಹಾಕಬೇಕು! ಗೋಡೆಗೊರಗಿ ನನ್ನ ಎತ್ತರ ಅಳೆದುಕೊಂಡೆ. ರಾಜ ನನ್ನ ಹೆಚ್ಚುಕಡಿಮೆ ಆರರಲ್ಲೊಂದು ಪಾಲು. ಸರಿ, ಹತ್ತಂಗುಲದ ಹಲಗೆ, ಹಿತ್ತಾಳೆ ಸರಪಳಿ, ಎಲ್ಲವೂ ಕೂದಲೆಳೆ ತಪ್ಪದಂತೆ ಕೂಡಿಬಂದವು.

ನವರಾತ್ರಿಯ ಮೊದಲನೇ ಸಂಜೆ ಸುಮತಿ ರಾಜನಿಗೆ ಜರಿಪೇಟ ಸುತ್ತಿ ತಂದಳು. ಕೂರಿಸಲು ಹೋದೆ. ರಾಜ ಜಾರಿದ. ಮತ್ತೆ ಇಟ್ಟೆ, ಮಲಗಿದ. ಪಟ್ಟದ ಗೊಂಬೆಗೆ ಮೊಣಕಾಲು ಮಡಿಸಲು ಬರುವುದಿಲ್ಲ, ನಿಂತಂತೆಯೇ ಕೆತ್ತಿರುತ್ತಾರೆ! ಇಷ್ಟು ವರ್ಷ ಅಲಂಕಾರ ಮಾಡಿದ ಅವಳಿಗಾಗಲಿ, ಅಂಗುಲ ಅಂಗುಲ ಅಳೆದ ನನಗಾಗಲಿ ಇದು ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ಕಾಲಿಂಗ್ ಬೆಲ್. ಸುಮತಿಯ ಮುಖ ನೋಡಲಾಗಲಿಲ್ಲ, ನನಗೆ ನಿಜಕ್ಕೂ ಹೆದರಿಕೆಯಾಯಿತು. ಗೊಂಬೆಸಾಲಿನ ಕೆಳಗಿನ ಮೆಟ್ಟಿಲಲ್ಲಿ ಬೇಳೆ ಬೆಲ್ಲದ ಅಂಗಡಿ ಹರವಿಕೊಂಡು ಶೆಟ್ಟಿ, ಶೆಟ್ಟಮ್ಮ ಎಂದಿನಂತೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಸುಮತಿ ಅವರಿಬ್ಬರನ್ನೂ ಎತ್ತಿ ಹಲಗೆಯ ಮೇಲಿಟ್ಟಳು. ಯಾವ ಲೆಕ್ಕವೂ ಇಲ್ಲದೆ, ಹೇಳಿ ಮಾಡಿಸಿದಂತೆ, ಹಲಗೆ ತುಂಬ ಕೂತುಬಿಟ್ಟರು!

"ಅರೆ ವಾಹ್, ಶೇಠ್ ಶೇಠಾಣಿ! ಏಕ್‌ದಮ್ ಹಮಾರೆ ಘರ್ ಜೈಸಾ!" ಎಂದು ಹೆಂಗಸರ ಗುಂಪಿನೊಡನೆ ಒಳಬಂದ ಹಂಸಾಬೆನ್ ಚಪ್ಪಾಳೆ ತಟ್ಟಿದರು. ಅವರ ಮನೆಯಲ್ಲೂ ಹೀಗೇ ಅಂತೆ, ಯಜಮಾನರು ಅಂಗಡಿಯಿಂದ ಬಂದು ಊಟವಾದ ಮೇಲೆ ಹೀಗೆಯೇ ಕೂತು ತೂಗಿಕೊಳ್ಳುತ್ತಾರಂತೆ. ನನಗೆ ಹೋದ ಜೀವ ಬಂದಂತಾಯಿತು. ರಾಜ ರಾಣಿ ಯಾಕೆ ನಿಂತಿದ್ದಾರೆಂದು ಹಂಸಾಬೆನ್ ಕೇಳಿದ್ದಕ್ಕೆ, ಮನೆಯ ಯಜಮಾನರಲ್ಲವೇ, ಅತಿಥಿಗಳು ಕೂರುವ ತನಕ ಅವರು ಕೂರುವಂತಿಲ್ಲ ಎಂದು ಸುಮತಿ ತನ್ನ ಹರಕು ಹಿಂದಿಯಲ್ಲೇ ಗಂಭೀರವಾಗಿ ಹೇಳಿದಳು.

ಆಮೇಲೆ ಹೆಂಗಸರೆಲ್ಲ ಬಾಲ್ಕನಿಯ ಹೀಂಚ್ಕೊ ಹತ್ತಿ ಕೂತರು, ನಡುವೆ ಸುಮತಿ. ಅಂಗುಲ ಜಾಗವಿರಲಿಲ್ಲ. ಕೋಸಂಬರಿಯ ತಟ್ಟೆ ಹಿಡಿದು ನಾನು ಪಕ್ಕದಲ್ಲಿ ನೆಟ್ಟಗೆ ನಿಂತಿದ್ದೆ. ರಾಜನಿಗೆ ನನ್ನನ್ನೇ ಅಳತೆ ಹಿಡಿದಿದ್ದೆನಲ್ಲ, ಆ ಲೆಕ್ಕ ಮಾತ್ರ ಸರಿಯಾಗಿಯೇ ಇತ್ತು.